ಸ್ಯಾಂಪಲಪ್ಪ

ಬಿಯರ್ ಕುಡಿಯುವವರೇ ಬೇರೆ, ಬಿಯರಿನ ರುಚಿ ನೋಡುವವರೇ ಬೇರೆ. ಕುಡಿಯುವವರು ಎಲ್ಲೆಂದರಲ್ಲಿ ಸಿಗುತ್ತಾರೆ. ಸಂಬಳದ ದಿನ ಬಾರಿನಲ್ಲಿ, ಮ್ಯಾಚಿದ್ದ ದಿನ ಗೆಳೆಯನ ರೂಮಿನಲ್ಲಿ, ಮದುವೆಯ ಹಿಂದಿನ ರಾತ್ರಿ ಛತ್ರದ ಹಿತ್ತಲಲ್ಲಿ. ಅವರಿಗೆ ಬೇಕಾದ ವಿವರ ಎರಡೇ: ಸ್ಟ್ರಾಂಗೋ ಮೈಲ್ಡೋ, ತಣ್ಣಗಿದೆಯೋ ಇಲ್ಲವೋ. ಆರುನೂರೈವತ್ತು ಮಿಲಿಲೀಟರಿನ ಕಂದು ಬಾಟಲಿ ಖಾಲಿಯಾದರೆ ಅಲ್ಲಿಗೆ ಅವರ ಸಂಶೋಧನೆ ಮುಗಿಯಿತು.

ರುಚಿ ನೋಡುವವರು ಹಾಗಲ್ಲ. ಅವರು ಸಿಗುವುದು ಮೇಳಗಳಲ್ಲಿ. ಬೆಂಗಳೂರಿನ ಯಾವುದೋ ಮೈದಾನದಲ್ಲಿ ಶಾಮಿಯಾನ ಹಾಕಿ, ಬಣ್ಣದ ಬಲ್ಬು ಕಟ್ಟಿ, ಒಂದು ಕಡೆ ಪಿಜ್ಜಾ, ಇನ್ನೊಂದು ಕಡೆ ಕೀಮಾ ದೋಸೆ, ನಡುವೆ ಹತ್ತಾರು ನಲ್ಲಿಗಳ ಬಿಯರ್ ಮಳಿಗೆಗಳು ಇರುವಂಥ ಕಡೆ. ಗುರುತು ಹಿಡಿಯುವುದು ಕಷ್ಟವಲ್ಲ. ಸೂರ್ಯ ಮುಳುಗಿ ಎರಡು ಗಂಟೆಯಾದರೂ ತಲೆಯ ಮೇಲೆ ಟೋಪಿ ಇರುತ್ತದೆ. ಎದೆಯ ಮೇಲೆ ಯಾವುದಾದರೂ ಬಿಯರ್ ಕಂಪನಿಯ ಹೆಸರು. ಬಲ ಮಣಿಕಟ್ಟಿನಲ್ಲಿ ಪ್ರವೇಶಕ್ಕೆಂದು ಕಟ್ಟಿದ ಕಿತ್ತಳೆ ಬಣ್ಣದ ಪಟ್ಟಿ. ಮೇಳ ಭಾನುವಾರವೇ ಮುಗಿದರೂ ಪಟ್ಟಿ ಬುಧವಾರದವರೆಗೆ ಇಳಿಯುವುದಿಲ್ಲ. ಮೂರು ಸ್ನಾನದಲ್ಲಿ ನೆನೆದು, ಅಂಚು ಸುರುಳಿಯಾಗಿ, ಅಕ್ಷರ ಮಾಸಿದ ಮೇಲೂ ಅದು ಕೈಯಲ್ಲೇ ಇರುತ್ತದೆ. ಆಫೀಸಿನಲ್ಲಿ ಯಾರಾದರೂ ನೋಡಿ, "ಏನ್ರೀ, ಆಸ್ಪತ್ರೆಗೆ ಅಡ್ಮಿಟ್ ಆಗಿದ್ರಾ?" ಎಂದು ಕೇಳಬೇಕು. ಆಗ ಇವರು ಕಿರುನಗೆ ಬೀರಿ, "ಇಲ್ಲಪ್ಪ, ಬಿಯರ್ ಫೆಸ್ಟು" ಎನ್ನಬೇಕು. ಅಷ್ಟಕ್ಕಾಗಿಯೇ ಪಟ್ಟಿ ಉಳಿದಿರುವುದು.

ಇಂಥವರಲ್ಲಿ ನನಗೆ ತೀರ ಹತ್ತಿರದಿಂದ ಗೊತ್ತಿರುವವನನ್ನು ನಮ್ಮ ಬಳಗ ಸ್ಯಾಂಪಲಪ್ಪ ಎಂದು ಕರೆಯುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಈಗ ಅದು ಆಧಾರ್ ಕಾರ್ಡಿನಲ್ಲಿ ಮಾತ್ರ ಬಳಕೆಯಲ್ಲಿದೆ. ಊರು ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲಿನ ಅಂಚು. ಬೆಂಗಳೂರಿನವರು ಕೇಳಿದರೆ "ಚಿತ್ರದುರ್ಗ" ಎನ್ನುತ್ತಾನೆ, ಚಿತ್ರದುರ್ಗದವರು ಕೇಳಿದರೆ "ಬೆಂಗಳೂರು" ಎನ್ನುತ್ತಾನೆ. ಮಳಿಗೆಯಲ್ಲಿ ಬಿಯರ್ ಕಾಯಿಸುವ ತಜ್ಞ ಎದುರು ನಿಂತಾಗ ಮಾತ್ರ ಉಳ್ಳಾರ್ತಿ ಕಾವಲು ತಾನಾಗಿ ಹೊರಬರುತ್ತದೆ. "ನಮ್ದು ಅಮೃತ್ ಮಹಲ್ ಕಾವಲು ಸಾರ್. ಮೈಸೂರು ಅರಸರ ಕಾಲದ ಹುಲ್ಲುಗಾವಲು."

ಅದು ಸುಳ್ಳಲ್ಲ. ಚಿಕ್ಕದೇವರಾಜ ಒಡೆಯರ ಬೆಣ್ಣೆಚಾವಡಿ ಎಂಬ ಇಲಾಖೆಯ ದನಗಳಿಗೆಂದು ಮೀಸಲಿಟ್ಟ ಕಾವಲುಗಳ ಸಾಲಿನದು ಇದು. ಹೈದರಾಲಿ ಆ ಎತ್ತುಗಳಿಂದ ಫಿರಂಗಿ ಎಳೆಸಿದ, ಟಿಪ್ಪು ಆ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟ. ಈಗ ಉಳ್ಳಾರ್ತಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರ, ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಇಸ್ರೊ, ವರವು ಕಾವಲಿನಲ್ಲಿ ಡಿಆರ್‌ಡಿಒ. ಎಲ್ಲ ಸೇರಿ ಹತ್ತು ಸಾವಿರ ಎಕರೆಯಷ್ಟು ಹುಲ್ಲುಗಾವಲು ಗೋಡೆ ಬೇಲಿಗಳ ಒಳಗೆ ಸೇರಿತು. ಕುರಿ ಮೇಯಿಸುವವರು ಹಸಿರು ನ್ಯಾಯಮಂಡಳಿಯವರೆಗೆ ಹೋದರು. ಸ್ಯಾಂಪಲಪ್ಪ ಹೋಗಲಿಲ್ಲ. ಆದರೆ ಗೋಧಿ ಬಿಯರಿನ ಲೋಟಕ್ಕೆ ಮೂಗಿಟ್ಟು ಕಣ್ಣು ಮುಚ್ಚಿ, "ಇದ್ರಲ್ಲಿ ನಮ್ಮ ಕಾವಲಿನ ಒಣಹುಲ್ಲಿನ ನೋಟ್ ಇದೆ" ಎಂದು ಅವನು ಹೇಳಿದ್ದನ್ನು ನಾನೇ ಕೇಳಿದ್ದೇನೆ. ದಾವೆ ಹೂಡುವುದಕ್ಕಿಂತ ಇದು ಅಗ್ಗ.

ಅವನ ಕ್ರಮವನ್ನು ಒಮ್ಮೆ ನೋಡಬೇಕು. ಮೊದಲು ಮೇಳದ ಪೂರ್ತಿ ಒಂದು ಪ್ರದಕ್ಷಿಣೆ, ಏನನ್ನೂ ಮುಟ್ಟದೆ. ಆಮೇಲೆ ತಿಳಿ ಬಣ್ಣದಿಂದ ಶುರುಮಾಡಿ ಕಪ್ಪಿಗೆ ಬರಬೇಕೆಂಬ ನೇಮ. ಲಾಗರ್, ಗೋಧಿಯದು, ಪೇಲ್ ಏಲ್, ಕೊನೆಗೆ ಸ್ಟೌಟ್. ಕೈಯಲ್ಲಿ ಔಷಧಿ ಕುಡಿಸುವ ಲೋಟಕ್ಕಿಂತ ತುಸು ದೊಡ್ಡದಾದ ಗಾಜಿನ ಲೋಟ, ಅರವತ್ತು ಮಿಲಿಲೀಟರಿನದು. ಬೆಳಕಿಗೆ ಹಿಡಿಯುತ್ತಾನೆ. ನೊರೆ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತಾನೆ. ಲೋಟವನ್ನು ಗರಗರ ತಿರುಗಿಸಿ, ಅರ್ಧ ಅಂಗಿಯ ಮೇಲೆ ಚೆಲ್ಲಿಕೊಂಡು, ಉಳಿದದ್ದಕ್ಕೆ ಮೂಗಿಡುತ್ತಾನೆ. ತಣ್ಣಗಿದ್ದರೆ ಎರಡು ಅಂಗೈ ನಡುವೆ ಹಿಡಿದು ಬೆಚ್ಚಗೆ ಮಾಡುತ್ತಾನೆ. ತೀರ ತಣ್ಣಗಿದ್ದರೆ ನಾಲಗೆ ಮರಗಟ್ಟಿ ರುಚಿ ತಿಳಿಯುವುದಿಲ್ಲ ಎಂಬುದು ನಿಜವೇ. ಆದರೆ ಏಪ್ರಿಲ್ ತಿಂಗಳಲ್ಲಿ ಬಿಯರನ್ನು ಬೆಚ್ಚಗೆ ಮಾಡುತ್ತಾ ನಿಂತವನ ಹಿಂದೆ ಸಾಲಿನಲ್ಲಿ ಕಾಯುವವರಿಗೆ ಈ ವಿಜ್ಞಾನದಲ್ಲಿ ಆಸಕ್ತಿ ಇರುವುದಿಲ್ಲ.

ಆಮೇಲೆ ಗುಟುಕು. ಬಾಯಿ ಮುಕ್ಕಳಿಸುತ್ತಾನೆ, ನುಂಗುತ್ತಾನೆ, ಆಕಾಶ ನೋಡುತ್ತಾನೆ. ನಾವೆಲ್ಲ ಉಸಿರು ಬಿಗಿಹಿಡಿದು ಕಾಯುತ್ತೇವೆ. "ಬಾಳೆಹಣ್ಣು," ಎನ್ನುತ್ತಾನೆ. "ಲವಂಗ. ಕೊನೆಗೆ ಸ್ವಲ್ಪ ಬಬಲ್ ಗಮ್." ಗೋಧಿ ಬಿಯರಿನಲ್ಲಿ ಬಾಳೆ, ಲವಂಗ ಎರಡರ ವಾಸನೆಯೂ ಬರುತ್ತದೆ ಎನ್ನುವುದು ಹೌದು. ಬಾಳೆಯನ್ನಾಗಲಿ ಲವಂಗವನ್ನಾಗಲಿ ಯಾರೂ ಹಾಕಿರುವುದಿಲ್ಲ, ಅದು ಯೀಸ್ಟ್ ಮಾಡುವ ಕೆಲಸ. ಆದರೆ ಸ್ಯಾಂಪಲಪ್ಪನಿಗೆ ಅಷ್ಟು ಸಾಲದು. ಒಮ್ಮೆ ಮಳಿಗೆಯ ಹುಡುಗನನ್ನು ಕೇಳಿದ: "ಏಲಕ್ಕಿ ಬಾಳೆ ಅನ್ಸುತ್ತಲ್ವಾ?" ಎರಡು ದಿನದ ಕೂಲಿಗೆ ಬಂದು ಬೆಳಗಿನಿಂದ ನಲ್ಲಿ ತಿರುಗಿಸಿ ಕೈ ಸೋತ ಆ ಹುಡುಗ, "ಪಚ್ಚಬಾಳೆ ಸಾರ್," ಎಂದು ಗಂಭೀರವಾಗಿ ಉತ್ತರಿಸಿದ. ಇಬ್ಬರೂ ತಲೆಯಾಡಿಸಿದರು. ವಿದ್ವತ್ ಸಭೆಗಳು ಹೀಗೇ ನಡೆಯುವುದು.

ರುಚಿ ನೋಡಿದ ಮೇಲೆ ಅಂಕ ಕೊಡಬೇಕು. ಅದಕ್ಕೆ ಅನ್‌ಟ್ಯಾಪ್ಡ್ ಎಂಬ ಆ್ಯಪ್ ಇದೆ. ಐದಕ್ಕೆ ಅಂಕ, ಕಾಲು ಕಾಲು ಮೆಟ್ಟಿಲಿನಲ್ಲಿ. ಮೂರೂವರೆಯೋ ಮೂರೂಮುಕ್ಕಾಲೋ ಎಂಬ ಧರ್ಮಸಂಕಟದಲ್ಲಿ ಅವನು ಹತ್ತು ನಿಮಿಷ ನಿಂತಿದ್ದುಂಟು. ಪಿಯುಸಿಯಲ್ಲಿ ಗಣಿತದ ಮೇಷ್ಟ್ರು ಕಾಲು ಅಂಕ ಕತ್ತರಿಸಿದ್ದಕ್ಕೆ ಈಗಲೂ ಬೈಯುವವನು ಇವನೇ.

ಇನ್ನು ಇತಿಹಾಸ. ಇಂಡಿಯಾ ಪೇಲ್ ಏಲ್ ಕೈಗೆ ಬಂದೊಡನೆ ಹಡಗು ಹೊರಡುತ್ತದೆ. ಲಂಡನ್ನಿನಿಂದ ಕಲ್ಕತ್ತೆಗೆ ತಿಂಗಳುಗಟ್ಟಲೆ ಪ್ರಯಾಣ, ಬಿಯರ್ ಕೆಡದಿರಲೆಂದು ಹಾಪ್ಸ್ ಹೂವನ್ನು ಜಾಸ್ತಿ ಹಾಕಿದರು, ಆದ್ದರಿಂದ ಈ ಕಹಿ, ಹೀಗೆ. ಕಥೆ ಚೆನ್ನಾಗಿದೆ, ಸ್ವಲ್ಪ ನಿಜವೂ ಇದೆ. ಅವನು ಬಿಟ್ಟುಬಿಡುವ ಭಾಗ ನನಗೆ ಇನ್ನೂ ಇಷ್ಟ. ಭಾರತಕ್ಕೆ ಈ ಬಿಯರನ್ನು ಕಳಿಸಿ ಹೆಸರಾದ ಹಾಡ್ಜ್‌ಸನ್ನನ ಕಾರ್ಖಾನೆ ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಹಡಗುಕಟ್ಟೆಯ ಹತ್ತಿರವೇ ಇತ್ತು, ಹಡಗಿನ ಕಪ್ತಾನರಿಗೆ ಅವನು ಹದಿನೆಂಟು ತಿಂಗಳು ಉದ್ದರಿ ಕೊಡುತ್ತಿದ್ದ. ಹೂವಿನ ಕಹಿಗಿಂತ ಉದ್ದರಿಯ ಸಿಹಿ ದೊಡ್ಡದಿತ್ತು ಅನ್ನಿ. ಚಳ್ಳಕೆರೆಯ ದಿನಸಿ ಅಂಗಡಿಯವರು ಯಾರಾದರೂ ಈ ವ್ಯಾಪಾರವನ್ನು ಅರ್ಧ ನಿಮಿಷದಲ್ಲಿ ಅರ್ಥಮಾಡಿಕೊಳ್ಳುತ್ತಾರೆ. ಸ್ಯಾಂಪಲಪ್ಪನಿಗೆ ಹಡಗೇ ಬೇಕು.

ಒಂದು ವರ್ಷ ಮೇಳಕ್ಕೆ ಅವನ ಸೋದರಮಾವನೂ ಬಂದಿದ್ದರು. ಕಣ್ಣಿನ ತಪಾಸಣೆಗೆಂದು ಬೆಂಗಳೂರಿಗೆ ಬಂದವರು. ಮನೆಯಲ್ಲಿ ಒಬ್ಬರನ್ನೇ ಬಿಡಲಾಗದೆ ಅಳಿಯ ಜೊತೆಗೆ ಕರೆತಂದ. ಬಿಳಿ ಪಂಚೆ, ಹೆಗಲಿಗೆ ಟವೆಲ್, ಮಣಿಕಟ್ಟಿಗೆ ಕಿತ್ತಳೆ ಪಟ್ಟಿ. ಮಾವ ಕುಡಿಯುವವರಲ್ಲ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗೆ ಶೇಂಗಾ ಖರೀದಿ ಮಾಡುತ್ತಾ ಆಯಸ್ಸು ಕಳೆದವರು. ಊರಿಗೆ ಎಣ್ಣೆ ನಗರ ಎಂಬ ಹೆಸರಿದ್ದ ಕಾಲದಲ್ಲಿ ಮಾರುಕಟ್ಟೆಯ ಅಂಗಳದಲ್ಲಿ ಚೀಲದಿಂದ ಚೀಲಕ್ಕೆ ನಡೆಯುತ್ತಿದ್ದರಂತೆ. ಹಿಡಿ ಕಾಯಿ ಎತ್ತಿ ಕಿವಿಯ ಹತ್ತಿರ ಕುಲುಕಿದರೆ ಒಣಗಿದೆಯೋ ಇಲ್ಲವೋ ಗೊತ್ತು. ಎರಡು ಕಾಯಿ ಒಡೆದು ಬೀಜವನ್ನು ಹೆಬ್ಬೆರಳಲ್ಲಿ ಉಜ್ಜಿದರೆ ಎಣ್ಣೆ ಎಷ್ಟು ಬರುತ್ತದೆಂದು ಗೊತ್ತು. ಅಂಕ ಗಿಂಕ ಇಲ್ಲ, ಬಾಯಲ್ಲಿ ರೇಟು ಬರುತ್ತಿತ್ತು.

ನಾವು ಒಂದು ಮೇಜು ಹಿಡಿದು ಕೂತೆವು. ಮಾವನಿಗೆ ಒಂದು ತಟ್ಟೆ ಮಸಾಲೆ ಶೇಂಗಾ. ಅಳಿಯನ ಮುಂದೆ ಹಲಗೆಯ ಮೇಲೆ ಸಾಲಾಗಿ ಲೋಟಗಳು. ಕಂದು ಬಣ್ಣದ ಏಲ್ ಎತ್ತಿ ಗುಟುಕರಿಸಿ ಕಣ್ಣು ಮುಚ್ಚಿದ.

"ನಟ್ಟಿ."

"ಏನಂದೆ ಅಳಿಯಾ?"

"ಕಾಯಿ ಬೀಜದ ರುಚಿ ಮಾವ, ಇದ್ರಲ್ಲಿ."

"ಶೇಂಗಾದ್ದಾ?" ಮಾವನ ಮುಖ ಅರಳಿತು.

"ಅಲ್ಲ ಮಾವ. ಹೇಝಲ್‌ನಟ್."

"ಅದೆಂಗಿರ್ತೈತೆ? ನಾನು ತಿಂದಿಲ್ಲಪ್ಪ."

ಸ್ಯಾಂಪಲಪ್ಪ ಲೋಟ ಕೆಳಗಿಟ್ಟ. "ನಾನೂ ತಿಂದಿಲ್ಲ," ಎಂದ ತುಸು ತಡೆದು. "ಆದ್ರೆ ಹಿಂಗೇ ಇರುತ್ತೆ."

ಮಾವ ಏನೂ ಹೇಳಲಿಲ್ಲ. ತಟ್ಟೆಯಿಂದ ಒಂದು ಬೀಜ ತೆಗೆದು, ಮೇಲಿನ ಮಸಾಲೆ ಟವೆಲಿಗೆ ಒರೆಸಿ, ಎರಡು ಹೋಳು ಮಾಡಿ ಬೆಳಕಿಗೆ ಹಿಡಿದರು. ಮೂಸಿದರು. ಅರ್ಧ ಬಾಯಿಗೆ ಹಾಕಿಕೊಂಡು ಅರ್ಧ ತಟ್ಟೆಗೆ ಬಿಟ್ಟರು. "ಇದು ಓದ್ ವರ್ಸದ ಮಾಲು. ಗೋಡೌನ್‌ನಾಗೆ ಬಿದ್ದಿದ್ದು, ಮುಗ್ಗಲು ಬಂದೈತೆ. ಅದಕ್ಕೇ ಖಾರ ಜಾಸ್ತಿ ಒಡದವ್ರೆ. ಕರ್ದಿರಾದು ಪಾಮೋಲಿನ್‌ನಾಗೆ, ಅದೂ ಮೂರ್ನಾಕು ಸರ್ತಿ ಕಾಸಿರಾದು." ಆಮೇಲೆ ತಟ್ಟೆಯನ್ನು ಬೆರಳ ತುದಿಯಿಂದ ಅತ್ತ ಸರಿಸಿ, "ಎಷ್ಟು ಕೊಟ್ಟೆ ಇದಕ್ಕೆ?" ಎಂದರು. ಅಳಿಯ ಹೇಳಿದ. ಮಾವ ಆ ದುಡ್ಡಿಗೆ ಚಳ್ಳಕೆರೆಯಲ್ಲಿ ಎಷ್ಟು ಸೇರು ಕಾಯಿ ಬರುತ್ತದೆಂದು ಲೆಕ್ಕ ಹಾಕುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

ಆ ಮೇಳದಲ್ಲಿ ನಿಜವಾಗಿ ರುಚಿ ನೋಡಿದವರು ಅವರೊಬ್ಬರೇ ಎಂದು ನನ್ನ ತೀರ್ಮಾನ. ಆದರೆ ಅವರ ಬಳಿ ಆ್ಯಪ್ ಇರಲಿಲ್ಲ, ಟೋಪಿ ಇರಲಿಲ್ಲ.

ಉಪಯೋಗಕ್ಕೆ ಬರುವ ಪ್ರಶ್ನೆಯನ್ನು ಕೇಳಿದವರೂ ಅವರೇ. ಒಂದು ಮಳಿಗೆಯಲ್ಲಿ ಬಿಯರ್ ಮಾಡುವ ಹುಡುಗ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ತಟ್ಟೆಯಲ್ಲಿಟ್ಟು ಬಂದವರಿಗೆಲ್ಲ ವಿವರಿಸುತ್ತಿದ್ದ. ಮಾವ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, "ರಸ ಇಂಡಿದ್ ಮೇಲೆ ಬೂಸಾ ಏನ್ ಮಾಡ್ತೀರಪ್ಪಾ?" ಎಂದರು. ಆ ಹುಡುಗ ಒಮ್ಮೆಗೇ ಉತ್ಸಾಹಗೊಂಡ. ಬೆಳಗಿನಿಂದ ಎಲ್ಲರೂ ಆಲ್ಕೋಹಾಲ್ ಎಷ್ಟು ಪರ್ಸೆಂಟು ಎಂದಷ್ಟೇ ಕೇಳಿದ್ದರಂತೆ. ಬೂಸಾವನ್ನು ಹಸು ಸಾಕುವವರು ಒಯ್ಯುತ್ತಾರೆ ಎಂದ.

"ಅಸಕ್ಕೆ ಅಮಲೇರಾಕಿಲ್ವಾ?"

"ಇಲ್ಲ ಅಜ್ಜ. ಬಿಸಿನೀರಲ್ಲಿ ನೆನೆಸಿ ಸಿಹಿ ಎಲ್ಲ ನೀರಿಗೆ ಬಿಟ್ಟ ಮೇಲೆ ಕಾಳು ಬೇರೆ ಮಾಡ್ತೀವಿ. ಯೀಸ್ಟ್ ಹಾಕೋದು ಆಮೇಲೆ, ಬರೀ ನೀರಿಗೆ."

ಮಾವನಿಗೆ ಸಮಾಧಾನವಾಯಿತು. ಇಡೀ ಮೇಳದಲ್ಲಿ ಅವರು ಮೆಚ್ಚಿದ್ದು ಆ ಬೂಸಾವನ್ನೇ. ಕಾವಲಿನ ದನಕ್ಕೆ ಬೇಸಿಗೆಯಲ್ಲಿ ಒಂದು ಲೋಡು ಸಿಕ್ಕರೆ ಎಂದು ದಾರಿಯುದ್ದಕ್ಕೂ ಮಾತಾಡಿದರು.

ಕಂಬಳಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಚಳ್ಳಕೆರೆ ಎಂದರೆ ಕಂಬಳಿ ಎನ್ನುವುದು ಎಲ್ಲರಿಗೂ ಗೊತ್ತು. ಸ್ಯಾಂಪಲಪ್ಪನ ಅವ್ವ ಮಗನಿಗೆಂದು ಒಳ್ಳೆಯ ಕರಿ ಕಂಬಳಿ ಕಳಿಸಿದ್ದರು. ಮಳೆಗಾಲದಲ್ಲಿ ಕುರಿವಾಸನೆ ಬರುತ್ತದೆಂದು ಅದನ್ನು ಅವನು ಫ್ಲಾಟಿನ ಬಾಲ್ಕನಿಗೆ ಹಾಕಿದ, ಅಲ್ಲಿ ಅದರ ಮೇಲೆ ಈಗ ವಾಷಿಂಗ್ ಮೆಷಿನ್ ಕೂತಿದೆ. ಮಾವ ಬಂದಿದ್ದ ಆ ಮೇಳದಲ್ಲೇ ಬೆಲ್ಜಿಯಂ ಮಾದರಿಯ ಒಂದು ಹುಳಿ ಬಿಯರನ್ನು ಎರಡನೇ ಸಲ ಕೇಳಿ ಪಡೆದ. ಕಾಡು ಯೀಸ್ಟಿನಿಂದ ಹುದುಗು ಬರಿಸುವ ಆ ಬಿಯರಿಗೆ ಒದ್ದೆಯಾದ ಕುದುರೆ ಕಂಬಳಿಯ ವಾಸನೆ ಇರುತ್ತದೆಂದು ಬಿಯರ್ ಪಂಡಿತರೇ ಹೊಗಳಿಕೆಯಾಗಿ ಹೇಳುತ್ತಾರೆ. ಸ್ಯಾಂಪಲಪ್ಪ ಅದಕ್ಕೆ ನಾಲ್ಕೂವರೆ ಅಂಕ ಕೊಟ್ಟ. ಮಾವನ ಮೂಗಿಗೆ ಹಿಡಿದ. ಮಾವ ಮೂಸಿ, "ಹುಳಿ ಅಂಬ್ಲಿ ಒಲೆ ಮೇಲೆ ಮರ್ತಂಗೈತೆ," ಎಂದು ಮುಖ ತಿರುಗಿಸಿದರು.

ಈ ಜಾತಿಯ ಪ್ರತಿಯೊಬ್ಬನಿಗೂ ಒಂದು ಯೋಜನೆ ಇರುತ್ತದೆ, ಸ್ವಂತ ಬ್ರೂವರಿ ತೆರೆಯುವುದು. 2010ರಲ್ಲಿ ಇಂದಿರಾನಗರದಲ್ಲಿ ಟಾಯ್ಟ್ ಬಾಗಿಲು ತೆರೆದ ಮೇಲೆ, ಆಮೇಲೆ ಅರ್ಬರ್, ವಿಂಡ್‌ಮಿಲ್ಸ್ ಎಂದು ಸಾಲು ಬೆಳೆದ ಮೇಲೆ, ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳಲ್ಲಿ ಸಾವಯವ ಕೃಷಿಯ ಕನಸು ಸ್ವಲ್ಪ ಹಿಂದೆ ಬಿದ್ದು ಈ ಕನಸು ಮುಂದೆ ಬಂದಿದೆ. ರಾಗಿ ಬಿಯರ್ ಆಗಿಹೋಗಿದೆ, ಮಾವಿನಹಣ್ಣಿನದು ಆಗಿದೆ, ಕಾಫಿಯದು ಆಗಿದೆ. ಸ್ಯಾಂಪಲಪ್ಪನ ಬಿಯರಿನ ಹೆಸರು "ಕಾವಲ್". ಲೇಬಲ್ ಮೇಲೆ ಉದ್ದ ಕೊಂಬಿನ ಅಮೃತಮಹಲ್ ಹೋರಿ. ಚಿತ್ರ ಬರೆಸಿಯಾಗಿದೆ. ಉಳಿದದ್ದು ಬಂಡವಾಳ, ಜಾಗ, ಲೈಸೆನ್ಸು ಮತ್ತು ಬಿಯರು.

ನೀರಿನ ಬಗ್ಗೆ ಮಾತ್ರ ಅವನಿಗೆ ಚಿಂತೆಯಿಲ್ಲ. ಇಂಗ್ಲೆಂಡಿನ ಬರ್ಟನ್ ಎಂಬ ಊರು ಪೇಲ್ ಏಲ್‌ಗೆ ಹೆಸರಾದದ್ದು ಅಲ್ಲಿನ ಗಡಸು ನೀರಿನಿಂದ, ಜಿಪ್ಸಂ ಕರಗಿದ ಬಾವಿ ನೀರಿನಿಂದ. ಅದು ಸರಿಯೇ. ಅಲ್ಲಿಂದ ಅವನು ಜಿಗಿಯುವ ದೂರ ನೋಡಿ. "ಬರ್ಟನ್ ನೀರೇ ಅಷ್ಟು ಒಳ್ಳೇದಾದ್ರೆ, ನಮ್ಮ ಬೋರ್‌ವೆಲ್ ನೀರು ಇನ್ನೆಷ್ಟು ಒಳ್ಳೇದಿರ್ಬೇಕು!" ಎಂದು ಕೇಳುತ್ತಾನೆ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ನೂರಾರು ಅಡಿ ಕೆಳಗಿನಿಂದ ಬರುವ ಆ ನೀರಿನಲ್ಲಿ ತೊಗರಿ ಬೇಳೆ ಎರಡು ಗಂಟೆ ಕುದಿಸಿದರೂ ಕಲ್ಲಾಗಿರುತ್ತದೆಂದು ಅವನ ಅವ್ವ ಬೇಳೆ ಬೇಯಿಸಲು ಬೇರೆ ನೀರು ಹೊರುತ್ತಿದ್ದರು. ಅವನ ವ್ಯಾಪಾರದ ಲೆಕ್ಕದಲ್ಲಿ ಆ ಕೊಡಗಳಿಗೆ ಜಾಗವಿಲ್ಲ.

ಕುಡಿಯುವ ಪರಂಪರೆ ನಮ್ಮ ಕಡೆ ಪುರಾತನ ಎಂದೂ ಹೂಡಿಕೆದಾರರ ಮುಂದೆ ಹೇಳುತ್ತಾನಂತೆ. ಇಲ್ಲಿ ಮಾತ್ರ ನನಗೆ ತಡೆಯಲಾಗುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡರ ಹಟ್ಟಿಗಳಲ್ಲಿ ಹಿಂದಿನಿಂದ ಕೋಳಿಯೂ ನಿಷಿದ್ಧ, ಹೆಂಡವೂ ನಿಷಿದ್ಧ. ಪಕ್ಕದ ತುರುವನೂರಿನಲ್ಲಿ 1939ರಲ್ಲಿ ಎಸ್. ನಿಜಲಿಂಗಪ್ಪನವರಂಥವರು ಮುಂದೆ ನಿಂತು ನಡೆಸಿದ ಸತ್ಯಾಗ್ರಹದಲ್ಲಿ ಜನ ಕೊಡಲಿ ಹಿಡಿದು ಕಡಿದದ್ದು ಈಚಲು ಮರಗಳನ್ನು. ಹೆಂಡದ ಬುಡಕ್ಕೇ ಕೊಡಲಿ ಹಾಕಿದ ಜಿಲ್ಲೆ ಇದು. ಸಾರಾಯಿ ಪಾಕೀಟು 2007ರ ಜುಲೈ 1ರಿಂದ ರಾಜ್ಯದಲ್ಲೇ ನಿಂತಿತು. ಹಾಗೆಂದು ಈ ಊರುಗಳಲ್ಲಿ ಯಾರೂ ಕುಡಿಯುವುದಿಲ್ಲವೆಂದಲ್ಲ. ಕುಡಿಯುವವರು ಬೇಕಾದಷ್ಟಿದ್ದಾರೆ, ಅವರ ಹೆಂಡತಿಯರನ್ನು ಕೇಳಿದರೆ ರುಚಿಯ ವಿವರಣೆಯೂ ಸಿಗುತ್ತದೆ, ಮುಚ್ಚುಮರೆ ಇಲ್ಲದೆ. ಕುಡಿತಕ್ಕೆ ಅಲ್ಲಿ ಟೋಪಿ ಹಾಕಿಲ್ಲ, ಅಷ್ಟೇ.

ಇಷ್ಟೆಲ್ಲ ಹೇಳಿದ ಮೇಲೂ ಸ್ಯಾಂಪಲಪ್ಪ ಕೆಟ್ಟವನಲ್ಲ. ಜೊತೆಗಾರರಿಗೆ ಕೊಡಿಸುತ್ತಾನೆ, ಜಗಳವಾಡುವುದಿಲ್ಲ, ಅಳುವುದಿಲ್ಲ, ಹಳೆಯ ಪ್ರೇಯಸಿಗೆ ಫೋನ್ ಮಾಡುವುದಿಲ್ಲ. ಬರೀ ಕುಡಿಯುವವರ ಜೊತೆ ಸಂಜೆ ಕಳೆದವರಿಗೆ ಇದರ ಬೆಲೆ ಗೊತ್ತು. ಯಾರಾದರೂ "ನೀನು ಕುಡೀತೀಯಾ?" ಎಂದರೆ ಅವನಿಗೆ ನಿಜವಾಗಿಯೂ ನೋವಾಗುತ್ತದೆ. ಅವ್ವ ಫೋನಿನಲ್ಲಿ ಕೇಳಿದಾಗಲೂ ಒಂದೇ ಉತ್ತರ: "ಇಲ್ಲವ್ವಾ, ಬರೀ ರುಚಿ ನೋಡೋದು." ಅವನ ಮಟ್ಟಿಗೆ ಅದು ಸುಳ್ಳಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ನಿಮ್ಮ ಬಳಗದಲ್ಲೂ ಒಬ್ಬ ಸ್ಯಾಂಪಲಪ್ಪ ಇದ್ದೇ ಇರುತ್ತಾನೆ. ಅವನ ಜೊತೆ ಮೇಳಕ್ಕೆ ಖಂಡಿತ ಹೋಗಿ, ಹಡಗಿನ ಕಥೆ ಕೇಳಿ, ಬಾಳೆಹಣ್ಣು ಸಿಗದಿದ್ದರೂ ಸಿಕ್ಕಿತು ಅನ್ನಿ. ಶೇಂಗಾ ಮಾತ್ರ ಮನೆಯಿಂದ ಹುರಿದು ಒಯ್ಯಿರಿ, ಗೇಟಿನಲ್ಲಿ ಬಿಟ್ಟರೆ. ಆದರೆ ಅರವತ್ತು ಮಿಲಿಲೀಟರಿನ ಇಪ್ಪತ್ತು ಲೋಟ ಸೇರಿದರೆ ಒಂದು ಲೀಟರ್ ಇನ್ನೂರು ಮಿಲಿಲೀಟರ್, ಹೆಚ್ಚುಕಡಿಮೆ ಎರಡು ದೊಡ್ಡ ಬಾಟಲಿ. ಒಳಗೆ ಹೋಗುವ ಮುಂಚೆಯೇ ಅವನ ಬೈಕಿನ ಕೀಲಿ ಇಸಕೊಂಡು ನಿಮ್ಮ ಜೇಬಿನಲ್ಲಿಟ್ಟುಕೊಳ್ಳಿ. ಬರುವಾಗ ಮೆಟ್ರೋ ಇದೆ, ಆಟೋ ಇದೆ.